ಇಪ್ಪತ್ತೇಳು ಚದರ ಮೀಟರು

ನೋಟರಿ ಓದಿದ, ಉಸಿರು ಬಿಡದೆ:
ನಾಲ್ಕನೇ ಮಹಡಿ, ಉತ್ತರಕ್ಕೆ ಬಾಲ್ಕನಿ,
ನೆಲಮಾಳಿಗೆಯಲ್ಲಿ ಸ್ಕೀ ಇಡುವ ಗೂಡು, ನಂಬರು ಹದಿನೇಳು,
ಬಾಗಿಲ ಪಕ್ಕದ ಇಕ್ಕಟ್ಟಿನಲ್ಲಿ
ಒಂದರ ಮೇಲೊಂದು ಎರಡು ಮಂಚ.
ಕಾಗದದಲ್ಲಿ ಅದಕ್ಕೆ ‘ಬೆಟ್ಟದ ಮೂಲೆ’ ಎಂದು ಹೆಸರು.
ಕಿಟಕಿಯೇ ಇಲ್ಲದ ಮೂಲೆಗೆ ಬೆಟ್ಟ ಹೇಗೆ ಬಂತೋ
ಯಾರೂ ಕೇಳಲಿಲ್ಲ.

ಸಾಕ್ಷಿಗೆ ಅಂತಲ್ಲ, ಕೀಲಿಕೈಗೆ ಅಂತ
ನನ್ನನ್ನೂ ಕರೆದಿದ್ದರು. ಗೋಡೆಗಂಟಿ ನಿಂತಿದ್ದೆ.
ಲಿಯಾನ್ ಪಟ್ಟಣದವರು, ಗಂಡ ಹೆಂಡತಿ.
ಗಿಸ್ಲೆನ್ ಕನ್ನಡಕ ಮಾರುವವನು,
ಸೋಲಾಂಜ್ ಶಾಲೆಯ ಅಡುಗೆಮನೆಯ ಲೆಕ್ಕ ಬರೆಯುವವಳು.
ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕುವಾಗ
ಅವಳ ಹಲ್ಲಿನಲ್ಲಿ ಪೆನ್ನಿನ ಮುಚ್ಚಳ.
ಅವನು ಕಿಟಕಿಯಾಚೆ ನೋಡುತ್ತಿದ್ದ,
ಲಿಫ್ಟಿನ ಕುರ್ಚಿಗಳು ಒಂದೊಂದಾಗಿ
ಮೋಡದೊಳಕ್ಕೆ ಹೋಗುವುದನ್ನು,
ಅವೂ ಕ್ರಯಪತ್ರದಲ್ಲಿ ಸೇರಿವೆ ಎಂಬಂತೆ.

ನನ್ನ ಗೊಂಚಲಲ್ಲಿ ನಲವತ್ತು ಕೀಲಿಕೈ ಇದ್ದವು.
ನಲವತ್ತೊಂದಾಯಿತು.

ಕೆಲಸ ದೊಡ್ಡದಲ್ಲ. ವಾರಕ್ಕೊಮ್ಮೆ ಹೋಗಿ
ನಲ್ಲಿ ತಿರುಗಿಸಿ, ನೀರು ಕೆಮ್ಮಿ ಕೆಮ್ಮಿ ಬರುವವರೆಗೆ ಕಾಯಬೇಕು.
ಫ್ರಿಜ್ಜಿನ ಬಾಗಿಲಿಗೆ ಬಟ್ಟೆ ಸಿಕ್ಕಿಸಬೇಕು, ಬೂಷ್ಟು ಹಿಡಿಯದ ಹಾಗೆ.
ಬೇಸಗೆಯಾದರೆ ಸತ್ತ ನೊಣ ಗುಡಿಸಬೇಕು.
ಯಾರೂ ಕೂರದ ಕುರ್ಚಿಯ ಧೂಳೇ ಬೇರೆ,
ಹಿಟ್ಟಿನ ಹಾಗೆ ಬೆರಳಿಗೆ ಹತ್ತುತ್ತದೆ.

ಮೊದಲ ಚಳಿಗಾಲ ಒಂಬತ್ತು ದಿನ ಇದ್ದರು.
ಎರಡನೆಯದರಲ್ಲಿ ಹಿಮದ ಬದಲು ಮಳೆ; ನಾಲ್ಕೇ ದಿನ,
ಇಸ್ಪೀಟು ಆಡಿ ಹೋದರು.
ಆಮೇಲೆ ಅವನ ಮೊಣಕಾಲು.
ಆಮೇಲೆ ಬರೀ ಬ್ಯಾಂಕಿನ ಕಂತು,
ತಾನಾಗಿ ಬಂದು ತಾನಾಗಿ ಹೋಗುವುದು.

ಈ ನಡುವೆ ಬೇಕರಿಯ ಮೇಲಿನ ನನ್ನ ಬಾಡಿಗೆ ಕೋಣೆಯನ್ನು
ಅದರ ಒಡೆಯ ಮಾರಿದ.
ಕೊಂಡವರು ಒಳ್ಳೆಯವರೇ.
ಕೀಲಿಕೈ ನನ್ನ ಹತ್ತಿರವೇ ಬಿಟ್ಟು ಹೋದರು.
ಈಗ ವಾರಕ್ಕೊಮ್ಮೆ ಅಲ್ಲಿಯ ನಲ್ಲಿಯನ್ನೂ ತಿರುಗಿಸುತ್ತೇನೆ,
ಸಂಜೆ ಐದೂಮುಕ್ಕಾಲರ ಬಸ್ಸು ಹಿಡಿದು
ಕಣಿವೆಗೆ ಇಳಿಯುತ್ತೇನೆ, ಮೂವತ್ತೆರಡು ತಿರುವು.

ನವೆಂಬರಿನಲ್ಲಿ ಒಂದು ದಿನ ಬಂಡೆ ಉರುಳಿ
ರಸ್ತೆ ಮುಚ್ಚಿತು, ಬಸ್ಸಿಲ್ಲ.
ನಲವತ್ತೊಂದು ಮನೆ ಕೈಯಲ್ಲಿದ್ದೂ
ಬಸ್‌ಸ್ಟಾಪಿನಲ್ಲಿ ನೆನೆದೆ, ಅರ್ಧ ಗಂಟೆ.
ಆಮೇಲೆ ನಾಲ್ಕನೇ ಮಹಡಿ ಹತ್ತಿದೆ.
ಅದೇ ಯಾಕೆ ಅಂದರೆ, ಬೇರೆ ಮನೆಗಳ ಗೋಡೆಯಲ್ಲಿ
ಅವರವರ ಮಕ್ಕಳ ಫೋಟೋ; ನೋಡುತ್ತವೆ.
ಇಲ್ಲಿ ಅಂಗಡಿಯಿಂದ ತಂದ ಹಸುವಿನ ಚಿತ್ರ ಒಂದೇ.
ಹಸುವಿಗೆ ಏನು ಹೇಳಿಕೊಳ್ಳುವುದಿದೆ?
ಹೀಟರು ಹಾಕಲಿಲ್ಲ. ಬೂಟು ಬಿಚ್ಚಿ,
ಬೆಟ್ಟದ ಮೂಲೆಯ ಕೆಳಗಿನ ಮಂಚದಲ್ಲಿ
ಕೋಟು ಹೊದ್ದು ಮಲಗಿದೆ.

ರಸ್ತೆಯನ್ನು ಒಂಬತ್ತಕ್ಕೇ ತೆರೆದಿದ್ದರಂತೆ.
ಹತ್ತೂವರೆಗೆ ಬಾಗಿಲಲ್ಲಿ ಇನ್ನೊಂದು ಕೀಲಿಕೈ ತಿರುಗಿತು.

ಕಿರುಚಲಿಲ್ಲ ಯಾರೂ.
ನನ್ನ ಬೂಟು ಅವರ ಚಾಪೆಯ ಮೇಲೆ ಇತ್ತು, ಜೋಡಿಯಾಗಿ,
ಸೋಲಾಂಜ್ ಮೊದಲು ಅದನ್ನು ನೋಡಿದಳು, ಆಮೇಲೆ ನನ್ನನ್ನು.
‘ಏಳಬೇಡಿ’ ಎಂದಳು. ‘ಇಷ್ಟು ವರ್ಷದಲ್ಲಿ
ನಮ್ಮನೆಗೆ ಬಂದ ಮೊದಲ ನೆಂಟರು ನೀವೇ.’
ನಗೆಯೋ ಏನೋ, ಮುಖ ಆಚೆ ತಿರುಗಿಸಿದಳು.

ಗಿಸ್ಲೆನ್‌ಗೆ ಏನು ಮಾಡಲೂ ತೋಚದೆ
ಜೇಬಿನಿಂದ ಅಳತೆಯ ಟೇಪು ತೆಗೆದ.
ಮಾರುವುದಕ್ಕೆ ಬಂದಿದ್ದರು. ಅಳೆಯಬೇಕಿತ್ತು.
ಕಿಟಕಿಯಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ
ಕುಂಟುತ್ತಾ ಎಳೆದ; ಟೇಪು ನನ್ನ ಮಂಚದ ಬುಡಕ್ಕೆ ಬಂದಾಗ
ನಾನು ಎರಡೂ ಕಾಲು ಮೇಲಕ್ಕೆತ್ತಿ ಕೂತೆ.
ಇಪ್ಪತ್ತಾರೂವರೆ, ಎಂದ.
ಮತ್ತೆ ಅಳೆದ. ಇಪ್ಪತ್ತಾರೂವರೆ.
ಅರ್ಧ ಮೀಟರಿನ ಸಾಲವನ್ನೂ
ಕಟ್ಟುತ್ತಾ ಬಂದಿದ್ದೀವಿ ನೋಡು, ಎಂದ ಹೆಂಡತಿಗೆ.

ಅವಳು ಪೊಟ್ಟಣದ ಸೂಪಿಗೆ ನೀರು ಇಟ್ಟಿದ್ದಳು.
ಮೂರು ಬಟ್ಟಲು ಸಿಕ್ಕವು. ಚಮಚೆ ಸಿಗಲಿಲ್ಲ.
ತನ್ನದೇ ಅಡುಗೆಮನೆಯಲ್ಲಿ ಅಲ್ಲಿ ಇಲ್ಲಿ ತಡಕಾಡಿ
ಕೊನೆಗೆ ನನ್ನ ಕಡೆ ನೋಡಿದಳು.

ಎರಡನೆಯ ಖಾನೆ, ಎಂದೆ.
ಸುಮ್ಮನೆ ಎಳೆದರೆ ಬರುವುದಿಲ್ಲ ಅದು.
ಸ್ವಲ್ಪ ಮೇಲಕ್ಕೆತ್ತಿ,
ಆಮೇಲೆ ಎಳೆಯಿರಿ.