ವಯಸ್ಸಿಗೆ ಬಂದಾಕಿ

ಬೆಳಗಾವಿಯ ಏಜೆಂಟನ ಮೇಜಿನ ಮ್ಯಾಲ
ನಮ್ಮ ನಾಲ್ಕು ಪಾಸ್‌ಪೋರ್ಟು
ಖಡಕ್ ರೊಟ್ಟಿ ಪೇರಿಸಿಟ್ಟಂಗ ಕುಂತಿದ್ದವು.
ಅಂವ ಒಂದನ್ನ ಎತ್ತಿ ಬಾಜೂಕಿಟ್ಟ.
ನಂದು.

"ಮಗಳಿಗೆ ಹದಿನೆಂಟು ದಾಟ್ಯಾವಲ್ರಿ."
"ದಾಟಿ ನಲವತ್ಮೂರು ದಿನ ಆಗ್ಯಾವ್ರಿ, ಅಷ್ಟ" ಅಂದ್ಲು ಅವ್ವ,
ರಾತ್ರಿ ಪಾಳ್ಯಾಗ ಮಲಗಿದ ಡಾಕ್ಟರನ್ನ
ಎಬ್ಬಸೂ ದನಿಯೊಳಗ.

ಅವ್ವಗ ಲೀಡ್ಸಿನ ದವಾಖಾನ್ಯಾಗ ನೌಕರಿ.
ಅಪ್ಪ ಹೋಗಬಹುದು, ಗಂಡ ಅಂತ.
ಸಮರ್ಥ ಹೋಗಬಹುದು, ಹದಿನಾಲ್ಕು ಅವಂಗ,
ಇನ್ನೂ ಹಲ್ಲು ತಿಕ್ಕು ಅಂತ ಬಡಕೋಬೇಕು.
ನಾನು?
ಅಂವ ಪೆನ್ನಿನ ಟೊಪಗಿ ಕಚ್ಚಿಕೋತ ದಾರಿ ಹುಡುಕಿದ.
ಓದಾಕ ಹೋಗಬಹುದು, ವರ್ಷಕ್ಕ ಇಷ್ಟು ಲಕ್ಷ.
ಅಪ್ಪ ಕಿಡಕಿ ಕಡೆ ನೋಡಿದ.
ನೋಡಾಕ ಹೋಗಬಹುದು, ಬೀಗರ ಮನಿಗೆ ಹೋದಂಗ,
ಹೊಳ್ಳಿ ಬರೂ ತಾರೀಖು ಮೊದಲ ಹೇಳಿ.
ಡಿಗ್ರಿ ಮುಗಿಸಿ ತಾನ ಒಂದು ನೌಕರಿ ಹಿಡದ್ರ, ಹಂಗೂ ಆಗತೈತಿ.
"ಮತ್ತ ಅಲ್ಲೇ ಯಾರರ ವರ ಗಿರ ಇದ್ರ..."
ಅವ್ವ ನೋಡಿದ್ದು ನೋಡಿ
ಚಾ ತರಸ್ತೀನಿ ಅಂತ ಎದ್ದ.

ಹೊಳ್ಳಿ ಬರೂ ಬಸ್ಸಿನ್ಯಾಗ, ಲೋಕಾಪುರ ದಾಟಿದ ಮ್ಯಾಲ,
ಅಪ್ಪ ಒಬ್ಬನ ನಗಾಕ ಹತ್ತಿದ.

ಹಳೇ ಬಾಗಲಕೋಟಿ ಮುಳುಗೂ ಮುಂದ
ಸಾಹೇಬರು ಮನಿಮನಿಗೆ ಬಂದು ಪಟ್ಟಿ ಬರಕೊಂಡ್ರಂತ.
ವಯಸ್ಸಿಗೆ ಬಂದ ಮಗಾ ಅಂದ್ರ ಬ್ಯಾರೆ ಕುಟುಂಬ,
ಬ್ಯಾರೆ ಕುಟುಂಬ ಅಂದ್ರ ಬ್ಯಾರೆ ಪ್ಲಾಟು.
ಅಪ್ಪಗ ಆಗ ಹದಿನೇಳು.
ಮುತ್ಯಾ ಹೆಡ್‌ಮಾಸ್ತರಿಗೆ
ಎರಡು ಕಿಲೋ ಅಮೀನಗಡದ ಕರದಂಟು ಒಯ್ದು ಕೊಟ್ಟು
ಸಂಜಿಗೆ ಮಗನ್ನ ದೊಡ್ಡಾಂವನ್ನ ಮಾಡಿಕೊಂಡು ಬಂದ.
ಆ ಹನ್ನೊಂದು ತಿಂಗಳ ಸುಳ್ಳಿನ ಮ್ಯಾಲ
ನವನಗರದಾಗ ನಮ್ಮ ಮನಿ ನಿಂತೈತಿ,
ಒಂದೂ ಬಿರುಕಿಲ್ಲ.

"ಆಗ ಕೂಡಿಸಿದ್ರು" ಅಂದ ಅಪ್ಪ, ಕಣ್ಣೊರಸಿಕೋತ,
"ಈಗ ಕಳಿಯಾಕ ಬರವಲ್ದು."
ನನ್ನ ಜನನ ಪತ್ರದ ಮೂಲ್ಯಾಗ
ಇರಿವಿ ಮುತ್ತಿದಂಥಾ ಕಪ್ಪು ಚೌಕ ಐತಿ,
ಫೋನು ಹಿಡದ್ರ ಖರೇನ ಹೇಳತೈತಿ.
ಅದು ಕರದಂಟು ತಿನ್ನೂದಿಲ್ಲ.

ಹನ್ನೆರಡಕ್ಕ ನಾ ವಯಸ್ಸಿಗೆ ಬಂದಾಗ
ಆಯಿ ಹಸರ ಸೀರಿ ಉಡಿಸಿ
ಓಣಿ ಹೆಂಗಸರನ್ನ ಕರದು ಆರತಿ ಮಾಡಿಸಿದ್ಲು.
ಈ ಸಲ ಯಾರೂ ಬರಲಿಲ್ಲ.
ನಾ ಕಾಣದ ಒಂದು ಸರ್ಕಾರ ಮಾತ್ರ
ದಾನೇಶ್ವರಿ ದೊಡ್ಡಾಕಿ ಆದ್ಲು ಅಂತ ಬರಕೊಂತು.
ದೊಡ್ಡಾಕಿಗೆ ಗ್ಯಾಸ್ ಸಿಲಿಂಡರ್ ಹಚ್ಚಾಕ ಬರೂದಿಲ್ಲ.

ಮನ್ಯಾಗ ಯಾರೂ ಅನ್ನದ ಮಾತು ಒಂದೈತಿ.
ಕೆಲಸದ ಕಾಗದ ಬಂದದ್ದು ಜನವರ್ಯಾಗ.
ಆಕಿ ಪಿಯುಸಿ ಪರೀಕ್ಷಾ ಮುಗೀಲಿ,
ಈಗ ಮನಿ ಕದಡೂದು ಬ್ಯಾಡ ಅಂತ
ಅವ್ವ ಅದನ್ನ ಇಳಕಲ್ ಸೀರಿ ಮಡಿಕ್ಯಾಗ ಇಟ್ಟು
ಮೂರು ತಿಂಗಳು ಸುಮ್ಮನಿದ್ಲು.
ದಿನಾ ರಾತ್ರಿ ನನಗ ಹಾಲು ಕಾಸಿ ಕೊಟ್ಲು,
ನಾ ಕೆನಿ ತಗೀ ಅಂತ ಜಗಳಾಡಿದೆ.
ನೂರಕ್ಕ ತೊಂಬತ್ತೊಂದು ಬಿದ್ದಾವ.
ನನ್ನ ಹುಟ್ಟಿದ ದಿನ
ಕೆಮಿಸ್ಟ್ರಿ ಪೇಪರಿನ ಮುಂಚಿನ ದಿನ ಇತ್ತು.

ನಿನ್ನೆ ರಾತ್ರಿ ಅವ್ವ ಅಡಗಿಮನಿಗೆ ಕರದ್ಲು.
ನೌಕರಿ ಬಿಡ್ತೀನಿ ಅಂತಾಳೇನೋ ಅಂತ
ಹೂಂ ಅನ್ನಬೇಕೋ ಬ್ಯಾಡೋ ಗೊತ್ತಾಗದ
ಬಾಗಿಲಿಗೆ ನಿಂತೆ.
ಆಕಿ ತುಂಬಿದ ಸಿಲಿಂಡರ್ ಉಳ್ಳಿಸಿಕೊಂಡು ಬಂದು
ನೆಲಕ್ಕ ಕುಂತ್ಲು.
"ಒಳಗ ವಾಸರ್ ಐತಿಲ್ಲ, ಬಟ್ಟು ಹಾಕಿ ನೋಡು.
ರೆಗ್ಯುಲೇಟರ್ ಒತ್ತು, ತಿರುವು. ಟಕ್ ಅಂತೇನು?
ಇನ್ನೊಮ್ಮಿ."

ಏಳು ಸಲ ಹಚ್ಚಿ ಏಳು ಸಲ ಬಿಚ್ಚಿದೆ.
ಎಂಟನೇದಕ್ಕ ಸರಿಯಾತು.
"ಸರಿ ಆಗಿಲ್ಲ" ಅಂದ್ಲು ಅವ್ವ,
"ಇನ್ನೊಮ್ಮಿ."