ಏಳನೇ ಕಾಲಂ

ಅರ್ಜಿಯ ಏಳನೇ ಕಾಲಮ್ಮಿನ್ಯಾಗ
‘ಆಡಿದ ಮಟ್ಟ’ ಅಂತ ಇತ್ತು.
ಕಸ್ತೂರಿ ಪೆನ್ನಿನ ಟೊಪ್ಪಿಗಿ ಕಡಕೋತ ಕೇಳಿದ್ಲು,
ಏನ್ ಬರೀಲೇ ಪದ್ದಿ?
ಜಿಲ್ಲಾ ಅಂತ ಬರಿ, ಪ್ರಥಮ ಅಂತ ಬರಿ ಅಂದೆ.
ಸುಳ್ಳಲ್ಲ ಅದು.
ಖರೇನೂ ಅಲ್ಲ.

ಆವತ್ತು ರೋಣದ ತಂಡ ಬರ್ಲೇ ಇಲ್ಲ,
ಟ್ರ್ಯಾಕ್ಸ್ ಪಂಕ್ಚರ್ ಆಗಿತ್ತಂತ.
ಹನ್ನೊಂದರ ತನಕ ಕಾದು
ಕಳಕಪ್ಪ ಸರ ಸೀಟಿ ಊದಿದ್ರು, ನಾವು ಗೆದ್ವಿ.
ಅವಲಕ್ಕಿ ತಿಂದು, ಸರ್ಟಿಫಿಕೇಟ್ ತಗೊಂಡು,
ಒಂದ ಚೆಂಡೂ ಒಗೀದ ಮನಿಗೆ ಬಂದ್ವಿ.

ಆಟ ಇದ್ದದ್ದು ಬ್ಯಾರೆ ಕಡೆ.
ಬೆಟಗೇರಿ ಜಿನ್ನಿಂಗ್ ಮಿಲ್ಲಿನ ಹಿಂದ, ಎರಿ ಹೊಲದಾಗ,
ಸಂಜಿ ಐದರಿಂದ ಕಣ್ಣು ಕಾಣೂ ತನಕ.
ಮೊದಲನೇ ಬೇಸು ಸಿಮೆಂಟ್ ಚೀಲ,
ಎರಡನೇದು ಮುರದ ಮಗ್ಗದ ಹಲಗಿ,
ಮೂರನೇದು ಜಾಲಿ ಗಿಡ,
ಔಟ್ ಆದ್ರೂ ಆಗದಿದ್ರೂ ಮುಳ್ಳು ಖಾತ್ರಿ.
ತಿರುಗಿ ಓಡಿ ಬಂದು ಮುಟ್ಟೂ ಜಾಗಕ್ಕ
ನಾವು ‘ಮನಿ’ ಅಂತಿದ್ವಿ:
ನಮ್ಮವ್ವ ಒಗದ ಒಡಕ ಹೆಂಚು ಅದು.

ಮಾರ್ಚಿನ್ಯಾಗ ಎರಿ ಬಿರಕ ಬಿಟ್ರ
ಚೆಂಡು ಒಳಗ ಇಳದ ಬಿಡೂದು.
ಮೊಣಕೈ ತನಕ ಕೈ ಹಾಕಿ
ಎಮ್ಮಿಯ ಕರ ತಗದಂಗ ತಗೀತಿದ್ವಿ,
ಕರ್ರಗ, ಬೆಚ್ಚಗ.

ಕಸ್ತೂರಿ ಕೆಳಗಿಂದ ತೋಳು ತಿರುವಿ ಒಗಿಯೂದು
ಅವರಪ್ಪ ಬಣ್ಣದ ಕಡಾಯಿಂದ
ನೂಲಿನ ಲಡಿ ಎತ್ತಿ ಹಿಂಡತಾನಲ್ಲ, ಹಂಗ.
ಯಾರೂ ಕಲಿಸಿದ್ದಲ್ಲ.
ಹಿಡಿಯೂದು ನನಗೂ ಯಾರೂ ಕಲಿಸ್ಲಿಲ್ಲ.
ಶಾಲ್ಯಾಗ ಇದ್ದ ಗ್ಲೌಸು ಐದು,
ಅದರಾಗ ಒಂದಕ್ಕ ಬೆರಳಿಲ್ಲ, ಅದು ನಂದು.
ಬಾಕಳೆ ಕಾಕಾ ಅದರ ಹೊಟ್ಟ್ಯಾಗ
ಹರದ ನೂಲು ತುಂಬಿ ಹೊಲದು ಕೊಟ್ರು.
ಮಾತಿಗೆ ಅಂದ್ರು: ಎಷ್ಟ್ ತುಂಬಿದ್ರೂ ಬಡಿತದವ್ವ.
ಬಡೀತಿತ್ತು.

ಧಾರವಾಡದಾಗ ಕಾಲೇಜಿನ ಟ್ರಯಲ್ಲು.
ನಾ ಹೋದದ್ದು ಬುತ್ತಿ ಕಾಯಾಕ.
ಪಿಯುಸಿ ಬಿಟ್ಟು ಸೀರಿ ಅಂಗಡ್ಯಾಗ
ಮಡಿಕಿ ಹಾಕಾಕ ನಿಂತು ಎಂಟು ತಿಂಗಳಾಗಿತ್ತು,
ಒಂದ ದಿನದ ಪಗಾರ ಮುರಕೊಂಡ ಹೋಗಿದ್ದೆ.
ಮೇಡಂ ಕಾಗದ ನೋಡಿ ಕೇಳಿದ್ರು,
ಜಿಲ್ಲಾ ಪ್ರಥಮ. ಎಷ್ಟು ಮ್ಯಾಚ್ ಆಡಿದಿ?
ಹೇಳಬ್ಯಾಡಲೇ ಅಂತ ನಾ ಬೇಲಿ ಕಡೆಯಿಂದ
ಕಣ್ಣಲೆ ಹೇಳಿದೆ.
ಒಂದೂ ಇಲ್ರಿ, ಅಂದ್ಲು ಕಸ್ತೂರಿ.

ಬಾಜು ಕುಂತ ಕ್ಲರ್ಕ್ ನಕ್ಕ.
ರಾಜ್ಯ ಮಟ್ಟ ಇಲ್ಲಂದ್ರ ಅಂಕ ಇಲ್ಲ, ಮೇಡಮ್ಮರ,
ರೂಲ್ ಐತಿ.
ರೂಲ್ ಇರ್ಲಿ, ಒಂದ್ ನಾಕ್ ಒಗೀಲಿ, ಅಂದ್ರು ಆಕಿ.

ಕಾಲೇಜಿನ ಹುಡುಗಿ
ಮೊದಲನೇದು ಬಿಟ್ಲು, ಎರಡನೇದು ಬಿಟ್ಲು.
ಮೂರನೇದು ಆಕಿ ಹೆಗಲಿಗೆ ಬಡಿತು.
ನಿನ್ನ ಚೆಂಡು ಊರಾಗ ಯಾರು ಹಿಡೀತಿದ್ರು?
ಅಲ್ಲಿ ಕುಂತಾಳಲ್ರಿ, ಚೀಲ ಹಿಡ್ಕೊಂಡು.

ಚಪ್ಪಲಿ ಬಿಟ್ಟು ಒಳಗ ಹೋದೆ.
ಕೆಮ್ಮಣ್ಣು, ನೀರು ಹೊಡದಿದ್ರು, ಬಿರಕಿಲ್ಲ,
ಅಂಥಾ ನೆಲದ ಮ್ಯಾಲೆ ಕುಕ್ಕರಗಾಲಿಲೆ ಕುಂತದ್ದು
ಅದ ಮೊದಲು.
ಅವರ ಗ್ಲೌಸು ದೊಡ್ಡದು, ನನ್ನ ಕೈ ಅದರಾಗ
ಬೀಗರ ಮನ್ಯಾಗ ಬಂದಂಗ ಕುಂತಿತ್ತು.
ಹನ್ನೊಂದು ಒಗದ್ಲು.
ಹನ್ನೊಂದು.
ಗೋಡಿ ಆಚೆ ರಸ್ತ್ಯಾಗ ಸೈಕಲ್ಲಿನವ ಒಬ್ಬ
ಕಾಲು ಊರಿ ನಿಂತು ಕೇಳಿದ ಆ ಸಪ್ಪಳ.
ಮೇಡಂ ನನ್ನ ಹೆಸರು ಕೇಳಿದ್ರು, ಬರಕೊಳ್ಳಲಿಲ್ಲ.
ಪಟ್ಟಿ ಸೋಮವಾರ, ಅಂದ್ರು.

ಪ್ಯಾಸೆಂಜರ್ ರೈಲಿನ್ಯಾಗ ಕಸ್ತೂರಿ
ಮಂಡಕ್ಕಿ ಪೊಟ್ಟಣ ಬಿಚ್ಚಿ ಕೇಳಿದ್ಲು,
ಆ ಎಲ್ಲಾ ಸಂಜಿ ಲೆಕ್ಕಕ್ಕ ಬರ್ತಾವೇನ?
ಗೊತ್ತಿಲ್ಲ ಅಂದೆ.
ನೀ ಸುಳ್ಳ ಹೇಳಿದ್ರ ಬರ್ತಿತ್ತೋ ಏನೋ ಅಂತ
ಬಾಯಿ ತುದಿಗೆ ಬಂದದ್ದು ನುಂಗಿದೆ.
ಹುಬ್ಬಳ್ಳ್ಯಾಗ ಚಹಾ ತಗೊಂಡ್ವಿ.
ಎಡಗೈ ಬಾತು ಬೆರಳು ಮಡಚ್ತಿರಲಿಲ್ಲ,
ಬಲಗೈಯಾಗ ಬುತ್ತಿ ಚೀಲ.
ಆಕಿ ಏನೂ ಅನ್ಲಿಲ್ಲ,
ಎರಡೂ ಲೋಟ ತಾನ ಹಿಡ್ಕೊಂಡ್ಲು,
ಸುಡತಿದ್ರೂ,
ಕುಸುಗಲ್ ದಾಟೂ ತನಕ.