ನಾಲ್ಕನೆಯ ಟ್ಯೂಬು

ಇದಿನಬ್ಬ, ಶುವೈಖ್ ಬಂದರಿನ ಕ್ರೇನಿನವರು,
ತೋಳು ಚಾಚಿ ಮುಖ ಎಸಿ ಕಡೆ ತಿರುಗಿಸಿದರು.
ಊರ ಕಡೆಯ ಹೆಂಗಸು ಸೂಜಿ ಹಿಡಿದದ್ದು
ಸೂಜಿಗಿಂತ ಜಾಸ್ತಿ ಚುಚ್ಚಿತು.

"ಮೂರು ಟ್ಯೂಬು ಪರೀಕ್ಷೆಗೆ. ನಾಲ್ಕನೆಯದು
ನಾವು ಕಲಿಯಲಿಕ್ಕೆ. ಸಹಿ ಹಾಕಿದ್ದೀರಲ್ಲ."
"ಹಾಕಿದ್ದೇನೆ. ಅರಬಿಯಲ್ಲಿತ್ತು. ಏನು ಕಲಿಯುವುದು?"

ಜಾಬ್ರಿಯಾದ ಈ ನೆಲಮಾಳಿಗೆಗೆ ಕಿಟಕಿಯಿಲ್ಲ.
ಹೊರಗೆ ತಣ್ಣೀರ ನಲ್ಲಿಯೂ ಸುಡುವ ಜುಲೈ.
ಒಳಗೊಂದು ಯಂತ್ರ, ನಿಮಿಷಕ್ಕೆ ಲಕ್ಷ ಸುತ್ತು;
ನಿಂತಾಗ ಟ್ಯೂಬಿನ ತಳದಲ್ಲಿ
ಇದೆಯೋ ಇಲ್ಲವೋ ಎಂಬಷ್ಟು ಮಬ್ಬು.

ಹೇಳಿದೆ: ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಗ್ರಂಥಿ
(ಈಗ ನನ್ನ ಕಣ್ಣೂ ಎಸಿ ಕಡೆಗೆ),
ಅದರ ಕೋಶಗಳು ದಿನವಿಡೀ ಪೊಟ್ಟಣ ಕಟ್ಟುತ್ತವೆ,
ಸಾಸಿವೆಯನ್ನು ಹತ್ತು ಸಾವಿರ ಪಟ್ಟು ಕುಗ್ಗಿಸಿದಷ್ಟು.
ಪೊರೆಯ ಮೈಮೇಲೆ ಕಿಣ್ವಗಳು:
ಪ್ರೋಟೀನಿನ ಸರದ ತುದಿಯಿಂದ
ಎರಡೆರಡೇ ಮಣಿ ಕತ್ತರಿಸುವ ಕತ್ತರಿ,
ಕಿಡಿ ಹಚ್ಚುವುದು ಇನ್ನೊಂದು.
ಜತೆಗೆ ಕಾವಲುಗಾರನಿಗೆ ತೋರಿಸಲು
'ನಮ್ಮವನೇ, ಬಿಡಿ' ಎಂಬ ಚೀಟಿ.
ವೀರ್ಯದ ದಾರಿಗೆ ಕಟ್ಟಿದ ಬುತ್ತಿ.

"ಪಾರ್ಸೆಲ್," ಎಂದರು ಇದಿನಬ್ಬ,
ಮೊದಲ ಸಲ ನನ್ನನ್ನು ನೋಡಿ.
ಇಪ್ಪತ್ತಾರು ವರ್ಷ, ಊರಿಗೆ ಹೊರಟಾಗಲೆಲ್ಲ
ಮೂವತ್ತು ಕಿಲೋದಲ್ಲಿ ಅವರದು ಒಂಬತ್ತು;
ಉಳಿದದ್ದು ಅವರಿವರ ಹಾಲಿನ ಪುಡಿ, ಅತ್ತರು, ನೋವಿನೆಣ್ಣೆ.
"ಕ್ಯಾನ್ಸರ್ ಆದರೆ?"

ಕೋಶಕ್ಕೆ ತನ್ನ ತಲೆ ಯಾವುದು ಬುಡ ಯಾವುದು ಮರೆಯುತ್ತದೆ.
ನಾಳಕ್ಕೆ ಇಳಿಯಬೇಕಾದ ಪೊಟ್ಟಣ
ಹಿತ್ತಿಲಿಂದ ರಕ್ತಕ್ಕೆ ಬೀಳುತ್ತದೆ.
ಅದೇ ಕತ್ತರಿ, ಅದೇ ಚೀಟಿ.
ಈಗ ಕತ್ತರಿ ನೆರೆಯವರ ಬೇಲಿ ಬಿಡಿಸುತ್ತದೆ,
ಚೀಟಿ ತೋರಿಸಿ ಕಳ್ಳ ದಾಟುತ್ತಾನೆ.
ಹೀಗಿರಬಹುದು, ಅಷ್ಟೆ. ಪೂರ್ತಿ ಯಾರಿಗೂ ಗೊತ್ತಿಲ್ಲ.
ಅದಕ್ಕೇ ನಾಲ್ಕನೆಯ ಟ್ಯೂಬು.

ಹತ್ತಿ ಒತ್ತಿಕೊಂಡು ಕೂತರು ಸ್ವಲ್ಪ ಹೊತ್ತು.
"ಕೃಷ್ಣಾಪುರದಲ್ಲಿ ಒಬ್ಬ ಬೀಪಾತುಮ್ಮನಿಗೆ, ದರ್ಜಿ ಆಕೆ,
ಗಂಡ ಕಳಿಸಿದ ಜರ್ಮನಿ ಕತ್ತರಿಯನ್ನು
ಇನ್ನೊಬ್ಬ ಬೀಪಾತುಮ್ಮನಿಗೆ ಕೊಟ್ಟು ಬಂದಿದ್ದೆ.
ವಾರ ಬಿಟ್ಟು ಹೋದರೆ
ಅಂಗಳದಲ್ಲಿ ಕೂತು ಅದರಲ್ಲೇ ಬಂಗುಡೆಯ ರೆಕ್ಕೆ ಕತ್ತರಿಸುತ್ತಿದ್ದಳು.
'ಎಷ್ಟು ಹರಿತ, ನೋಡಿ!' ಅಂದಳು.
ಚಹಾ ಕೊಟ್ಟಳು.
ಹೇಗೆ ಕೇಳಲಿ ನಾನು?"

ಮತ್ತೆ, ತಗ್ಗಿದ ದನಿಯಲ್ಲಿ:
"ನೀವು ಕೇಳಿದರೆ ವಾಪಸ್ ಕೊಡುತ್ತದಾ, ಅದು?"

ಈ ಟ್ಯೂಬಿನ ಮೇಲೆ ಹೆಸರು ಬರೆಯುವಂತಿಲ್ಲ, ಸಂಖ್ಯೆ ಮಾತ್ರ.
ಬರೆದೆ. ಸೊನ್ನೆ ಸರಿಯಾಗಿ ಬರಲಿಲ್ಲ,
ಇನ್ನೊಮ್ಮೆ ತಿದ್ದಿದೆ.

ಎರಡು ಗಂಟೆಗೆ ಅವರ ಶಿಫ್ಟು.
ತೋಳಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತರು:
"ಆಗಸ್ಟಿನಲ್ಲಿ ಊರಿಗೆ ಹೋಗುತ್ತೇನೆ.
ಏನಾದರೂ ಕಳಿಸುವುದಿದ್ದರೆ ಕೊಡಿ.
ವಿಳಾಸ ದೊಡ್ಡದಾಗಿ ಬರೆಯಿರಿ."